ಗೋಡೆಯ ಮೇಲಿನ ಷರತ್ತು

ನನ್ನ ನಾದಿನಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಹನ್ನೊಂದು ವರ್ಷವಾಯಿತು. ಮೊದಲು ನೈಟಿ, ಮಕ್ಕಳ ಫ್ರಾಕು, ಸೀರೆಗೆ ಫಾಲ್ಸು ಇಷ್ಟೇ ಇತ್ತು. ಈಗ ಮದುವಣಗಿತ್ತಿಯರ ಉಡುಪೂ ಹೊಲಿಯುತ್ತಾಳೆ. ಈದ್ ಹತ್ತಿರ ಬಂತೆಂದರೆ ಆ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆಯ ಗಂಟುಗಳ ನಡುವೆ ಅವಳನ್ನು ಹುಡುಕಬೇಕು.

ಕೆಲವು ವರ್ಷಗಳ ಹಿಂದೆ ಶಅಬಾನ್ ತಿಂಗಳಲ್ಲಿ ದೂರದ ಸಂಬಂಧದ ಖಾಲಾ ಒಬ್ಬರು ಬಂದರು. ಈದ್ ಕಳೆದ ಮೇಲೆ ಮಗಳ ನಿಕಾಹ್. ಒಂದು ಘರಾರಾ ಹೊಲಿಸಬೇಕು, ಮೇಲೆ ಜರ್ದೋಸಿ ಕೆಲಸ ಆಗಬೇಕು ಎಂದರು. ಚಹಾ ಕುಡಿದರು, ಮದುವೆಯ ಸುದ್ದಿ ಎಲ್ಲ ಹೇಳಿದರು, ಹೊರಡುವಾಗ “ಎಷ್ಟಾಗುತ್ತೆ ಬೇಟಿ?” ಎಂದು ಕೇಳಿದರು. ಇವಳು “ಎಂಟು ಸಾವಿರ” ಎಂದಳು. ಅವರು 2,000 ರೂಪಾಯಿ ಕೈಯಲ್ಲಿಟ್ಟು ದುಆ ಮಾಡಿ ಹೋದರು. ಮಾತು ಅಷ್ಟೇ. ಇವಳ ಲೆಕ್ಕದಲ್ಲಿ ಎಂಟು ಸಾವಿರವೆಂದರೆ ಕೆಲಸದ ಮಜೂರಿ. ಲೈನಿಂಗ್, ಲೇಸ್, ಮಣಿ ಇವೆಲ್ಲ ಬೇರೆ. ಖಾಲಾರ ಲೆಕ್ಕದಲ್ಲಿ ಎಂಟು ಸಾವಿರವೆಂದರೆ ಎಲ್ಲ ಸೇರಿ ಎಂಟು ಸಾವಿರ.

ರಮಝಾನ್ ಉಪವಾಸದಲ್ಲಿ ರಾತ್ರಿ ತರಾವೀಹ್ ಮುಗಿಸಿ ಅವಳು ಹೊಲಿಯಲು ಕೂರುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜರ್ದೋಸಿ ಕಾರೀಗರನಿಗೆ ತನ್ನ ಕೈಯಿಂದ 4,500 ಕೊಟ್ಟಳು. ಲೈನಿಂಗ್, ಲೇಸ್ ಎಂದು ಇನ್ನೂ 900. ನಿಕಾಹ್‌ಗೆ ಹತ್ತು ದಿನ ಇರುವಾಗ ಖಾಲಾ ಬಂದು, ಹುಡುಗನ ಮನೆಯವರು ಬೆಂಗಳೂರಿನಿಂದ ಸಿದ್ಧ ಉಡುಪನ್ನೇ ತಂದಿದ್ದಾರೆ, ಇದು ಬೇಡ, ನಮ್ಮ ಎರಡು ಸಾವಿರ ವಾಪಸು ಕೊಡು ಎಂದರು. ಬೇಡ ಎಂದದ್ದರ ಜೊತೆಗೆ “ನೀನು ಮೊದಲು ಎಂಟು ಹೇಳಿ ಆಮೇಲೆ ಫೋನಿನಲ್ಲಿ ಒಂಬತ್ತು ಹತ್ತಿರ ಹೇಳಿದೆ, ಅದೂ ಸರಿಯಲ್ಲ” ಎಂಬ ಮಾತನ್ನೂ ಸೇರಿಸಿದರು.

ನಾದಿನಿ ಗೋಡೆಯತ್ತ ಕೈ ತೋರಿಸಿದಳು. ಅಲ್ಲಿ ಒಂದು ಬೋರ್ಡು ಇತ್ತು. ‘ಕೊಟ್ಟ ಅಡ್ವಾನ್ಸ್ ವಾಪಸು ಕೊಡುವುದಿಲ್ಲ. ಸಾಮಗ್ರಿಯ ಖರ್ಚು ಬೇರೆ. ಒಂದು ತಿಂಗಳೊಳಗೆ ಬಟ್ಟೆ ಒಯ್ಯದಿದ್ದರೆ ನಾವು ಜವಾಬ್ದಾರರಲ್ಲ’ ಎಂದು ಬಣ್ಣದಲ್ಲಿ ಬರೆಸಿ ತೂಗು ಹಾಕಿದ್ದಳು. ಖಾಲಾ ಅದನ್ನು ಒಮ್ಮೆ ನೋಡಿ ಕೇಳಿದರು: “ಇದನ್ನು ನನಗೆ ಯಾರು ಓದಿ ಹೇಳಿದರು? ನಾನು ಇದಕ್ಕೆ ಹೂಂ ಎಂದೆನಾ?”

ಆ ಕ್ಷಣದಲ್ಲಿ ನನಗೂ ಸಿಟ್ಟು ಬಂದಿತ್ತು. ಮನೆಗೆ ಬಂದು ಯೋಚಿಸಿದಾಗ ಖಾಲಾ ಕೇಳಿದ ಪ್ರಶ್ನೆಯಲ್ಲಿ ತಪ್ಪೇನೂ ಕಾಣಲಿಲ್ಲ. ಆ ಬೋರ್ಡಿನ ಮೊಳೆಗೇ ಹೊಲಿದ ಕುರ್ತಾಗಳ ಹ್ಯಾಂಗರ್ ತೂಗು ಹಾಕುವುದು ಅವಳ ರೂಢಿ. ವರ್ಷದಲ್ಲಿ ಹತ್ತು ತಿಂಗಳು ಆ ಬೋರ್ಡು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿದ್ದಿದ್ದರೂ ಖಾಲಾರಿಗೆ ಕನ್ನಡ ಓದಲು ಬರುವುದಿಲ್ಲ, ಅವರು ಕಲಿತದ್ದು ಉರ್ದು.

ಹಿರಿಯರು ಕೂತು ಮಾತಾಡಿದ ಮೇಲೆ ಎರಡು ಸಾವಿರ ಇವಳ ಹತ್ತಿರವೇ ಉಳಿಯಿತು. ಘರಾರಾ ಏಳು ತಿಂಗಳು ಕಪಾಟಿನಲ್ಲಿದ್ದು ಕೊನೆಗೆ 3,000ಕ್ಕೆ ಬೇರೆಯವರಿಗೆ ಹೋಯಿತು. ಖರ್ಚಾದದ್ದು 5,400, ಕೈಗೆ ಬಂದದ್ದು 5,000. ನಾನ್ನೂರು ರೂಪಾಯಿ ನಷ್ಟ ಎಂದು ಅವಳು ಲೆಕ್ಕ ಹೇಳಿದಳು. ಹನ್ನೆರಡು ರಾತ್ರಿಗಳ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ನಮ್ಮ ಹೆಂಗಸರು ಲೆಕ್ಕ ಮಾಡುವಾಗ ತಮ್ಮ ಕೂಲಿಯನ್ನು ಮರೆಯುವುದು ಹಳೆಯ ಕಾಯಿಲೆ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮನೆಯಲ್ಲೇ ಕೂತು ಹೊಲಿಗೆ, ಅಡುಗೆ, ಮೆಹಂದಿ, ಕೇಕ್ ಎಂದು ನಾಲ್ಕು ಕಾಸು ಸಂಪಾದಿಸುವ ಸಹೋದರಿಯರು ಈಗ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಅನೇಕರ ಬಳಿ ಷರತ್ತುಗಳೂ ಇವೆ. ಕೆಲವರದು ಮನಸ್ಸಿನಲ್ಲಿ, ಕೆಲವರದು ಗೋಡೆಯ ಮೇಲೆ, ಕೆಲವರದು ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ. ಇಲ್ಲದಿರುವುದು ಗಿರಾಕಿಯ ಒಪ್ಪಿಗೆ.

ನಮ್ಮ ದೇಶದಲ್ಲಿ ಇಂದಿಗೂ ನಡೆಯುತ್ತಿರುವ ಕರಾರು ಕಾನೂನು 1872ರದು. ಅದರ 13ನೇ ಕಲಮು ಒಪ್ಪಿಗೆ ಎಂದರೇನು ಎಂಬುದನ್ನು ಬಹಳ ಸರಳವಾಗಿ ಹೇಳುತ್ತದೆ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು. ಎಂಟು ಸಾವಿರ ಎಂಬ ಸಂಖ್ಯೆಯನ್ನು ನಾದಿನಿಯೂ ಖಾಲಾರೂ ಒಪ್ಪಿದ್ದರು, ಆದರೆ ಒಂದೇ ಅರ್ಥದಲ್ಲಿ ಒಪ್ಪಿರಲಿಲ್ಲ. ಕಾಗದ, ಸಹಿ, ಮೊಹರು ಇದ್ದರೆ ಮಾತ್ರ ಕರಾರು ಎಂದು ಹಲವರು ಭಾವಿಸಿದ್ದಾರೆ. ಹಾಗೇನಿಲ್ಲ, ಬಾಯಿಮಾತಿನ ಕರಾರೂ ಕರಾರೇ. ಬಾಯಿಮಾತಿನಲ್ಲಿ ಏನು ಆಡಿದೆವು ಎಂಬುದನ್ನು ನಾಳೆ ತೋರಿಸುವುದು ಹೇಗೆ ಎಂಬುದಷ್ಟೇ ಕಷ್ಟ.

ಗೋಡೆಯ ಬೋರ್ಡಿನ ವಿಷಯಕ್ಕೆ ಇಂಗ್ಲೆಂಡಿನ ಒಂದು ಹಳೆಯ ಮೊಕದ್ದಮೆ ಇದೆ, 1949ರದು. ಗಂಡ ಹೆಂಡತಿ ಒಂದು ಹೋಟೆಲಿಗೆ ಬಂದು ಕೆಳಗೆ ಮೇಜಿನ ಬಳಿ ಒಂದು ವಾರದ ಹಣ ಮುಂಗಡವಾಗಿ ಕಟ್ಟಿ ಮೇಲಿನ ಕೋಣೆಗೆ ಹೋದರು. ಮುಂದೆ ಆ ಹೆಂಗಸಿನ ಬೆಲೆಬಾಳುವ ತುಪ್ಪಳದ ಕೋಟು ಕಳವಾಯಿತು. ವಸ್ತು ಕಳೆದುಹೋದರೆ ನಾವು ಹೊಣೆಯಲ್ಲವೆಂದು ಕೋಣೆಯ ಗೋಡೆಯ ಮೇಲೆ ಬರೆದಿದೆಯಲ್ಲ ಎಂದರು ಹೋಟೆಲಿನವರು. ನ್ಯಾಯಾಲಯ ಒಪ್ಪಲಿಲ್ಲ. ಕರಾರು ಆದದ್ದು ಕೆಳಗೆ, ಹಣ ಕೊಟ್ಟಾಗ. ಬರಹ ಕಂಡದ್ದು ಮೇಲೆ, ಆಮೇಲೆ. ಮಾತು ಮುಗಿದ ಮೇಲೆ ತೋರಿಸಿದ ಷರತ್ತು ಮಾತಿನೊಳಗೆ ಸೇರುವುದಿಲ್ಲ ಎಂಬುದೇ ಆ ತೀರ್ಪಿನ ಸಾರ. ಮುಂಗಡ ಪಡೆದು, ಅಳತೆ ತೆಗೆದುಕೊಂಡು, ಕೊನೆಗೆ ಹಿಂಬದಿಯಲ್ಲಿ ಷರತ್ತು ಅಚ್ಚಾದ ರಸೀದಿ ಕೈಗಿಡುವ ನಮ್ಮ ಪದ್ಧತಿಯೂ ಹೆಚ್ಚು ಕಡಿಮೆ ಅದೇ.

ಇನ್ನೊಂದು ಮೊಕದ್ದಮೆ ನಮ್ಮ ನೆರೆಯ ಮದ್ರಾಸಿನದು. 1965ರಲ್ಲಿ ಅಲ್ಲಿನ ಹೈಕೋರ್ಟು ತೀರ್ಮಾನಿಸಿದ್ದು. ತೊಳೆಯಲು ಕೊಟ್ಟ ಹೊಸ ಸೀರೆಯನ್ನು ಲಾಂಡ್ರಿಯವರು ಕಳೆದುಬಿಟ್ಟರು. ಬಿಲ್ಲಿನ ಹಿಂದೆ, ಬಟ್ಟೆ ಕಳೆದರೆ ಅದರ ಬೆಲೆಯ ಶೇಕಡಾ 15ರಷ್ಟು ಮಾತ್ರ ಕೊಡುತ್ತೇವೆ ಎಂದು ಅಚ್ಚಾಗಿತ್ತು. ಇಂಥ ಷರತ್ತು ಊರ್ಜಿತವಾದರೆ ಲಾಂಡ್ರಿಯವರು ಹೊಸ ಬಟ್ಟೆಯನ್ನು ಇಟ್ಟುಕೊಂಡು ಚಿಲ್ಲರೆ ದುಡ್ಡು ಕೊಟ್ಟು ಕಳಿಸಬಹುದಲ್ಲ, ಇದು ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮ ರಕ್ಷಣೆಗಾಗಿ ಏನನ್ನು ಬೇಕಾದರೂ ಬರೆದುಕೊಳ್ಳಬಹುದು ಎಂದು ತಿಳಿಯುವವರು ಈ ಪ್ರಕರಣವನ್ನು ನೆನಪಿಡಬೇಕು.

ಆ ಈದ್ ಕಳೆದ ಮೇಲೆ ನಾನೂ ನಾದಿನಿಯೂ ಕೂತು ಒಂದು ಪುಸ್ತಕದ ಏರ್ಪಾಟು ಮಾಡಿದೆವು. ಊರಿನ ಮುದ್ರಣಾಲಯದಲ್ಲಿ ಸಾಮಾನ್ಯ ಬಿಲ್ ಬುಕ್ಕನ್ನೇ ಸ್ವಲ್ಪ ಬದಲಾಯಿಸಿ ಅಚ್ಚು ಹಾಕಿಸಿದ್ದು. ಪುಟದ ಮೇಲ್ಭಾಗದಲ್ಲಿ ಆರ್ಡರಿನ ವಿವರ: ಏನು ಹೊಲಿಯಬೇಕು, ಬಟ್ಟೆ ಯಾರದು, ಎಷ್ಟು ಮೀಟರು, ಮಜೂರಿ ಎಷ್ಟು, ಸಾಮಗ್ರಿ ಅದರಲ್ಲಿ ಸೇರಿದೆಯೋ ಇಲ್ಲವೋ, ಯಾವ ದಿನ ಕೊಡಬೇಕು. ಅದರ ಕೆಳಗೆ ಐದೇ ಐದು ಷರತ್ತು. ಹಿಂಬದಿಯಲ್ಲಿ ಏನೂ ಇಲ್ಲ. ಷರತ್ತುಗಳ ಕೆಳಗೆ ಗಿರಾಕಿಯ ಸಹಿಗೆ ಜಾಗ, ಆ ಸಹಿಯ ಕೆಳಗೆ ಮುಂಗಡದ ಮೊತ್ತ. ಈ ಕ್ರಮ ಮುಖ್ಯ. ಸಹಿ ಆದ ಮೇಲೆಯೇ ಹಣ ಮುಟ್ಟುವುದು. ಕಾರ್ಬನ್ ಹಾಳೆಯ ಮೇಲಿನ ಪ್ರತಿ ಗಿರಾಕಿಗೆ, ಕೆಳಗಿನದು ಪುಸ್ತಕದಲ್ಲೇ.

ನಾದಿನಿ ಮೊದಲು ಹದಿನಾಲ್ಕು ಷರತ್ತು ಬರೆದುಕೊಂಡು ಬಂದಿದ್ದಳು. ಹದಿನಾಲ್ಕು ಷರತ್ತನ್ನು ಓದಿ ಹೇಳಲು ಯಾರಿಗೆ ಸಮಯವಿದೆ? ಕೇಳುವವರಾದರೂ ಯಾರು? ಹಿಂದೆ ನಿಜವಾಗಿ ಜಗಳವಾದ ವಿಷಯಗಳನ್ನು ಮಾತ್ರ ಉಳಿಸಿಕೊ ಎಂದೆ. ಕೂತು ಎಣಿಸಿದರೆ ಜಗಳಗಳೆಲ್ಲ ಇಷ್ಟರಲ್ಲೇ ಇದ್ದವು: ದರದಲ್ಲಿ ಏನೇನು ಸೇರಿದೆ, ಆರ್ಡರ್ ಬೇಡವೆಂದರೆ ಮುಂಗಡ ಏನಾಗುತ್ತದೆ, ಮಧ್ಯೆ ಡಿಸೈನ್ ಬದಲಿಸಿದರೆ ಹೇಗೆ, ಹೊಲಿದದ್ದು ಸರಿಯಾಗದಿದ್ದರೆ ಯಾರು ಸರಿಪಡಿಸಬೇಕು, ಎಷ್ಟು ದಿನದೊಳಗೆ ಒಯ್ಯಬೇಕು.

ಓದಿ ಹೇಳುವ ಕೆಲಸದಲ್ಲಿ ನಾವು ಒಂದು ಸಣ್ಣ ಬದಲಾವಣೆ ಮಾಡಿಕೊಂಡೆವು, ಇದಕ್ಕೆ ದಾರಿ ತೋರಿಸಿದ್ದು ಕುರ್‌ಆನ್. ಅಲ್‌ಬಕರ ಅಧ್ಯಾಯದ 282ನೇ ವಚನ ಕುರ್‌ಆನಿನ ಅತಿ ದೀರ್ಘ ವಚನ. ಅದು ನಮಾಝಿನ ಬಗ್ಗೆಯೋ ಉಪವಾಸದ ಬಗ್ಗೆಯೋ ಅಲ್ಲ, ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬೇಡಿ ಎಂಬ ತಾಕೀತು ಅದರಲ್ಲಿದೆ ಎಂಬುದು ನಮಗೆಲ್ಲ ಗೊತ್ತು. ಆದರೆ ಬರೆಸಬೇಕಾದವರು ಯಾರು ಎಂಬುದನ್ನೂ ಅದು ಹೇಳಿದೆ: ಯಾರ ಮೇಲೆ ಹೊಣೆಯಿದೆಯೋ ಅವರೇ ಬಾಯಿಬಿಟ್ಟು ಹೇಳಿ ಬರೆಸಬೇಕು, ಕೊಡುವವನಲ್ಲ. ತನ್ನ ಹೊಣೆಯನ್ನು ತನ್ನ ಬಾಯಿಂದಲೇ ಹೇಳಿದವನು ನಾಳೆ ನನಗೆ ಗೊತ್ತಿರಲಿಲ್ಲ ಎನ್ನಲಾರ. ಹಾಗಾಗಿ ಈಗ ನಾದಿನಿ ಷರತ್ತನ್ನು ಓದಿ ಮುಗಿಸಿ “ಸರಿ ತಾನೇ?” ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. “ಈಗ ನೀವೇ ಹೇಳಿ ಆಪಾ, ಎಂಟು ಸಾವಿರದಲ್ಲಿ ಏನೇನು ಬಂತು, ನೀವು ಬೇರೆ ಕೊಡಬೇಕಾದದ್ದು ಏನು?” ಎಂದು ಕೇಳುತ್ತಾಳೆ. ಗಿರಾಕಿ ತಮ್ಮ ಮಾತಿನಲ್ಲಿ ಹೇಳಿದ್ದನ್ನು ಅಲ್ಲೇ ಬರೆಯುತ್ತಾಳೆ. ಹತ್ತರಲ್ಲಿ ಮೂರು ಸಲ ಅವರು ತಪ್ಪಾಗಿ ತಿಳಿದಿದ್ದು ಆಗಲೇ ಹೊರಬೀಳುತ್ತದೆ. ಅಲ್ಲಿಯೇ ನಗುತ್ತಾ ತಿದ್ದಿಕೊಳ್ಳಬಹುದು.

ಸ್ವತಃ ಬಾರದೆ ಮಗನ ಕೈಯಲ್ಲೋ ಆಟೋದವನ ಕೈಯಲ್ಲೋ ಬಟ್ಟೆ ಕಳಿಸುವವರೂ ಇದ್ದಾರೆ. ಅಂಥವರಿಗೆ ಪುಟದ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಒಪ್ಪಿಗೆ ಎಂದು ಬರೆದು ಕಳಿಸಿ, ಆಮೇಲೆ ಕತ್ತರಿಸುತ್ತೇನೆ ಎನ್ನುವುದು. ನೀಲಿ ಗೆರೆ ಬಿದ್ದರೆ ನೋಡಿದ್ದಾರೆ ಎಂದರ್ಥ, ಒಪ್ಪಿದ್ದಾರೆ ಎಂದಲ್ಲ. ಉತ್ತರ ಬಾರದೆ ಕತ್ತರಿ ಮುಟ್ಟಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ 10ಎ ಕಲಮಿನ ಪ್ರಕಾರ, ಇಂಥ ಸಂದೇಶಗಳ ಮೂಲಕ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ಓದಲು ಬಾರದ ಅಜ್ಜಿಯರಿಗೆ ಧ್ವನಿ ಸಂದೇಶವೇ ಸುಲಭ, ಅವರೂ ಧ್ವನಿಯಲ್ಲೇ ಉತ್ತರಿಸಲಿ. ಫೋನು ಬದಲಾಯಿಸುವಾಗ ಇವೆಲ್ಲ ಅಳಿಸಿಹೋಗದಂತೆ ನೋಡಿಕೊಳ್ಳಬೇಕು. ನಾದಿನಿಯ ಫೋನನ್ನು ಮಗ ಆಟವಾಡುತ್ತಾ ಒಮ್ಮೆ ಪೂರ್ತಿ ಖಾಲಿ ಮಾಡಿದ್ದ. ಅಂದಿನಿಂದ ಏನೇ ಬಂದರೂ ಪುಸ್ತಕದಲ್ಲೂ ಒಂದು ಸಾಲು ಬರೆಯುತ್ತಾಳೆ.

ಇನ್ನು ಮುಂಗಡದ ವಿಷಯ. ನನಗೆ ಓದುಗ ಸಹೋದರಿಯರಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ಗಿರಾಕಿ ಬೇಡವೆಂದರೆ ಅಡ್ವಾನ್ಸನ್ನು ನಾವು ಇಟ್ಟುಕೊಳ್ಳಬಹುದೇ, ಅದು ಹಲಾಲೇ?

ಖರೀದಿ ಮುರಿದುಬಿದ್ದರೆ ಮಾರುವವನ ಬಳಿಯೇ ಉಳಿಯುವ ಮುಂಗಡಕ್ಕೆ ಫಿಕ್‌ಹ್ ಗ್ರಂಥಗಳಲ್ಲಿ ‘ಉರ್ಬೂನ್’ ಎಂದು ಹೆಸರು. ಹನಫಿ, ಶಾಫಿಈ, ಮಾಲಿಕಿ ವಿದ್ವಾಂಸರು ಸಾಮಾನ್ಯವಾಗಿ ಇದನ್ನು ಒಪ್ಪಿಲ್ಲ. ಪ್ರತಿಯಾಗಿ ಏನನ್ನೂ ಕೊಡದೆ ಇನ್ನೊಬ್ಬರ ಹಣ ಉಳಿಸಿಕೊಂಡಂತಾಗುತ್ತದೆ ಎಂಬುದು ಅವರ ಆಕ್ಷೇಪ. ಇಮಾಮ್ ಅಹ್ಮದ್ ಅವರ ಹಂಬಲಿ ಪಂಥದಲ್ಲಿ ಅನುಮತಿ ಇದೆ. ನಿಮ್ಮ ಮನೆಯ ಪದ್ಧತಿಯಂತೆ ತಿಳಿದವರನ್ನು ಕೇಳಿಕೊಳ್ಳಿ, ನಾನು ಫತ್ವಾ ಕೊಡುವವಳಲ್ಲ. ಆದರೆ ಆಗಿಲ್ಲದ ನಷ್ಟಕ್ಕೆ ಹಣ ಇಟ್ಟುಕೊಳ್ಳುವುದು ಬೇರೆ, ಆದ ಖರ್ಚನ್ನು ಹಿಡಿದುಕೊಳ್ಳುವುದು ಬೇರೆ ಎಂಬುದು ಯಾರಿಗೂ ಅರ್ಥವಾಗುವ ಮಾತು. ದೇಶದ ಕಾನೂನೂ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತದೆ. ಮಾತಿಗೆ ತಪ್ಪಿದರೆ ಇಷ್ಟು ದಂಡ ಎಂದು ಕರಾರಿನಲ್ಲಿ ಬರೆದುಕೊಂಡಿದ್ದರೂ, 74ನೇ ಕಲಮಿನಂತೆ ನ್ಯಾಯಾಲಯ ಕೊಡಿಸುವುದು ಸಮಂಜಸವಾದ ಪರಿಹಾರವನ್ನು ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ.

ನಾವು ‘ಅಡ್ವಾನ್ಸ್ ವಾಪಸಿಲ್ಲ’ ಎಂಬ ಸಾಲನ್ನೇ ತೆಗೆದುಹಾಕಿದೆವು. ಅದರ ಜಾಗದಲ್ಲಿ ಬಂದದ್ದು ಹೀಗೆ: ಬಟ್ಟೆ ಕತ್ತರಿಸುವ ಮೊದಲು ಬೇಡವೆಂದರೆ ಪೂರ್ತಿ ಹಣ ವಾಪಸು, ಕತ್ತರಿಸಿದ ಮೇಲೆ ಬೇಡವೆಂದರೆ ಅಲ್ಲಿಯವರೆಗಿನ ಕೂಲಿ, ಸಾಮಗ್ರಿ ಹಿಡಿದು ಉಳಿದದ್ದು ವಾಪಸು, ಜರ್ದೋಸಿಗೆ ಹೋದ ಮೇಲೆ ಬೇಡವೆಂದರೆ ಕಾರೀಗರನ ಪೂರ್ತಿ ಹಣ ಗಿರಾಕಿಯದು. ವಿಚಿತ್ರವೆಂದರೆ ಹಳೆಯ ಸಾಲಿಗೆ ಮುಖ ಸಿಂಡರಿಸುತ್ತಿದ್ದವರು ಇದಕ್ಕೆ ಮರುಮಾತಾಡದೆ ಸಹಿ ಹಾಕುತ್ತಾರೆ. ಕಾರೀಗರನಿಗೆ ಕೊಡುವ ಹಣವನ್ನು ತನ್ನ ಕೈಯಿಂದ ಹಾಕುವುದನ್ನೂ ಅವಳು ನಿಲ್ಲಿಸಿದಳು. ಅಷ್ಟು ಹಣ ಮುಂಗಡವಾಗಿ ಬಂದ ಮೇಲೆಯೇ ಬಟ್ಟೆ ಅವನ ಬಳಿಗೆ ಹೋಗುವುದು.

ಗಿರಾಕಿಯೇ ತಂದ ಬಟ್ಟೆ, ನಾವೇ ಹಾಕುವ ಬಟ್ಟೆ ಇವೆರಡರ ವ್ಯತ್ಯಾಸವೂ ಬರಹದಲ್ಲಿ ಇರಬೇಕು. ಅವರ ಬಟ್ಟೆಗೆ ನಾವು ಕೂಲಿಯವರು, ಅದು ಇಜಾರಾ. ನಮ್ಮದೇ ಬಟ್ಟೆಯಿಂದ ಹೇಳಿದಂತೆ ಮಾಡಿಕೊಡುವುದು ಇಸ್ತಿಸ್ನಾ. ಅದರಲ್ಲಿ ಬಟ್ಟೆಯ ಜಾತಿ, ಬಣ್ಣ, ಅಳತೆ ಎಲ್ಲ ಸ್ಪಷ್ಟವಾಗಿರಬೇಕೆಂದು ಹನಫಿ ವಿದ್ವಾಂಸರು ಒತ್ತಿ ಹೇಳಿದ್ದಾರೆ. ಅವರ ಬಟ್ಟೆ ನಮ್ಮ ವಶದಲ್ಲಿರುವಷ್ಟು ಕಾಲ, ಸಾಮಾನ್ಯ ವಿವೇಕವಿರುವ ಮನುಷ್ಯ ತನ್ನದೇ ಬಟ್ಟೆಯನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನ ಮಾಡಬೇಕೆಂದು ಕರಾರು ಕಾನೂನಿನ 151ನೇ ಕಲಮು ಹೇಳುತ್ತದೆ. ಇಸ್ತ್ರಿ ತಾಗಿಸಿ ಸುಟ್ಟು ‘ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ತೋರಿಸಿದರೆ ನಡೆಯದು. ನಾದಿನಿಯ ಐದರಲ್ಲಿ ಒಂದು ಷರತ್ತು ಈಗ ಅವಳ ಮೇಲೇ ಇದೆ: ನನ್ನ ಕೈಯಿಂದ ಬಟ್ಟೆ ಹಾಳಾದರೆ ಬಟ್ಟೆಯ ಬೆಲೆ ಕೊಡುತ್ತೇನೆ. ಮೊದಲು ಅವಳು ಹೆದರಿದ್ದಳು. ಗಿರಾಕಿಗೆ ಮಾತ್ರ ಹೊಣೆ ಹೊರಿಸುವ ಕಾಗದಕ್ಕೆ ಸಹಿ ಹಾಕಲು ಅವರಿಗೂ ಮನಸ್ಸಾಗುವುದಿಲ್ಲ ಎಂದು ನಾನೇ ಒತ್ತಾಯಿಸಿ ಬರೆಸಿದ್ದು.

ಹೊಲಿದು ಮುಗಿದ ಬಟ್ಟೆಯನ್ನು ಮಜೂರಿ ಬರುವ ತನಕ ಕೊಡದೆ ಇಟ್ಟುಕೊಳ್ಳುವ ಹಕ್ಕು ನಮಗಿದೆಯೇ ಎಂದರೆ, ಇದೆ. 170ನೇ ಕಲಮು. ಅದರ ಕೆಳಗೆ ಕೊಟ್ಟಿರುವ ಉದಾಹರಣೆಯೇ ಒಬ್ಬ ದರ್ಜಿಯದು! ದರ್ಜಿಗೆ ಕೋಟು ಹೊಲಿಯಲು ಬಟ್ಟೆ ಕೊಟ್ಟಿದ್ದಾರೆ. ಹೊಲಿದ ಕೂಡಲೇ ಕೊಡುತ್ತೇನೆ, ಹಣಕ್ಕೆ ಮೂರು ತಿಂಗಳ ವಾಯಿದೆ ಇರಲಿ ಎಂದು ಆತ ಒಪ್ಪಿದ್ದಾನೆ. ಹಾಗೆ ಒಪ್ಪಿದ ಮೇಲೆ ಹಣ ಬರಲಿಲ್ಲವೆಂದು ಕೋಟನ್ನು ತಡೆಹಿಡಿಯುವ ಹಕ್ಕು ಅವನಿಗಿಲ್ಲ. ಅಂದರೆ “ಪರವಾಗಿಲ್ಲ ಆಪಾ, ಸಂಬಳ ಬಂದ ಮೇಲೆ ಕೊಡಿ” ಎಂದು ನಾವು ಸಂಕೋಚಕ್ಕೆ ಆಡುವ ಒಂದು ಮಾತು ಒಂದು ಹಕ್ಕನ್ನೇ ಬಿಟ್ಟುಕೊಟ್ಟಂತೆ. ಕೊಡಬಾರದೆಂದು ನಾನು ಹೇಳುವುದಿಲ್ಲ. ಕಷ್ಟದಲ್ಲಿರುವವರಿಗೆ ವಾಯಿದೆ ಕೊಡುವುದು ಪುಣ್ಯದ ಕೆಲಸ. ಕೊಟ್ಟರೆ ತಿಳಿದು ಕೊಡಿ, ಪುಸ್ತಕದಲ್ಲಿ ದಿನಾಂಕ ಬರೆದು ಕೊಡಿ.

2020ರ ಜುಲೈಯಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಗ್ಗೆಯೂ ಒಂದು ಮಾತು. ಹಣ ಪಡೆದು ಸೇವೆ ಕೊಡುವವರೆಲ್ಲ ಅದರ ವ್ಯಾಪ್ತಿಗೆ ಬರುತ್ತಾರೆ, ಮನೆಯಲ್ಲಿ ಕೂತು ಮಾಡುವ ಕೆಲಸ ಎಂಬ ವಿನಾಯಿತಿ ಇಲ್ಲ. ಬಿಲ್ ಅಥವಾ ರಸೀದಿ ಕೊಡದಿರುವುದನ್ನೇ ಅದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಸೇರಿಸಿದೆ. ‘ಅನ್ಯಾಯದ ಕರಾರು’ ಎಂಬ ಮಾತನ್ನೂ ಮೊದಲ ಬಾರಿಗೆ ತಂದಿದೆ. ಆದ ನಷ್ಟಕ್ಕೆ ಹೋಲಿಕೆಯೇ ಇಲ್ಲದ ದಂಡ, ವಿಪರೀತ ಠೇವಣಿ, ಕಾರಣವಿಲ್ಲದೆ ಒಬ್ಬರೇ ಕರಾರು ಮುರಿಯುವ ಅಧಿಕಾರ ಇಂಥವು ಅದರಲ್ಲಿ ಬರುತ್ತವೆ. ಗಿರಾಕಿ ಸಹಿ ಹಾಕಿದ್ದಾರೆ ಎಂಬ ಮಾತ್ರಕ್ಕೆ ಅಂಥ ಷರತ್ತು ಉಳಿಯುವುದಿಲ್ಲ.

ಅಡುಗೆಯ ಆರ್ಡರ್ ಹಿಡಿಯುವವರಿಗೆ ಲೆಕ್ಕ ಸ್ವಲ್ಪ ಬೇರೆ. ನಮ್ಮ ಬೀದಿಯಲ್ಲಿ ವಲೀಮಾಕ್ಕೆ ಬಿರಿಯಾನಿ ಮಾಡಿಕೊಡುವ ಒಬ್ಬ ಆಪಾ ಇದ್ದಾರೆ. ಅವರ ತಕರಾರೆಲ್ಲ ಬರುವುದು ಎರಡು ಕಡೆಯಿಂದ. ಜನ ಎಷ್ಟು ಎಂಬುದನ್ನು ಎಂದಿನವರೆಗೆ ಬದಲಿಸಬಹುದು ಎಂಬುದು ಒಂದು, ಪಾತ್ರೆ ವಾಪಸು ಬರುವುದು ಇನ್ನೊಂದು. ಮಾಂಸಕ್ಕೆ ಹೇಳಿದ ಮೇಲೆ ಇನ್ನೂರು ಜನ ನೂರೈವತ್ತಾದರೆ ಉಳಿದ ಐವತ್ತರ ಮಾಂಸದ ಹಣ ಯಾರು ಕೊಡಬೇಕು? “ಬುಧವಾರ ಮಗ್ರಿಬ್ ತನಕ ಸಂಖ್ಯೆ ಬದಲಿಸಬಹುದು, ಆಮೇಲೆ ಇಲ್ಲ” ಎಂದು ಅವರು ಸ್ಪಷ್ಟವಾಗಿ ಬರೆದು ಕಳಿಸುತ್ತಾರೆ. ದಿನ, ಹೊತ್ತು ಎರಡೂ ಇರುವುದರಿಂದ ವಾದಕ್ಕೆ ಎಡೆಯಿಲ್ಲ. ಪ್ರವಾದಿಯವರು ಸ. ಮದೀನಾಕ್ಕೆ ಬಂದಾಗ ಅಲ್ಲಿನವರು ಹಣ್ಣಿಗೆ ವರ್ಷಕ್ಕೆ ಮುಂಚೆಯೇ ಹಣ ಕೊಟ್ಟು ವ್ಯಾಪಾರ ಮಾಡುತ್ತಿದ್ದರು. ಅವರು ಅದನ್ನು ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ಗೊತ್ತಾಗಿರಲಿ ಎಂದು ನಿಗದಿ ಮಾಡಿದರು. ಆಪಾರ ಆ ಬುಧವಾರದ ಮಗ್ರಿಬ್ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸಂಬಂಧಿಕರ ಮುಂದೆ ಪುಸ್ತಕ ಬಿಚ್ಚುವುದು. “ನಮ್ಮ ಮೇಲೆ ನಂಬಿಕೆ ಇಲ್ಲವಾ?” ಎಂಬ ಮಾತು ಬಂದೇ ಬರುತ್ತದೆ. ನಾದಿನಿ ಇದಕ್ಕೆ ಒಂದು ಉತ್ತರ ಹುಡುಕಿಕೊಂಡಿದ್ದಾಳೆ: “ನಂಬಿಕೆ ನಿಮ್ಮ ಮೇಲಿದೆ, ನನ್ನ ನೆನಪಿನ ಮೇಲೆ ಇಲ್ಲ.” ಬಹಳ ಜನ ನಕ್ಕು ಸಹಿ ಹಾಕುತ್ತಾರೆ. ಒಬ್ಬಿಬ್ಬರು ಬಟ್ಟೆಯ ಗಂಟು ಎತ್ತಿಕೊಂಡು ಹೋದದ್ದೂ ಉಂಟು. ಹೋದ ಆ ಆರ್ಡರುಗಳಿಗಾಗಿ ಅವಳು ಮೊದಮೊದಲು ಬೇಜಾರು ಮಾಡಿಕೊಂಡಳು. ಆ ವರ್ಷದ ಈದ್ ಕಳೆದು ಲೆಕ್ಕ ಹಾಕಿದಾಗ ಕಪಾಟಿನಲ್ಲಿ ಒಯ್ಯದೆ ಉಳಿದ ಬಟ್ಟೆ ಒಂದೂ ಇರಲಿಲ್ಲ.

ಆ ಖಾಲಾ ಹೋದ ಚಳಿಗಾಲದಲ್ಲಿ ಮತ್ತೆ ಬಂದಿದ್ದರು, ಕಿರಿಮಗಳ ಮದುವೆಗೆ. ಷರತ್ತುಗಳನ್ನು ಈಗ ಉರ್ದುವಿನಲ್ಲೂ ಒಂದು ಹಾಳೆಯಲ್ಲಿ ಬರೆಸಿ ಇಟ್ಟಿದ್ದೇವೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮೂರನೆಯ ಷರತ್ತಿನಲ್ಲಿ ತಕರಾರು ತೆಗೆದು, ಡಿಸೈನ್ ಬದಲಿಸಲು ಇನ್ನೆರಡು ದಿನ ಹೆಚ್ಚು ಬೇಕೆಂದು ಹಟ ಹಿಡಿದು ಬರೆಸಿಕೊಂಡು, ಆಮೇಲೆ ಸಹಿ ಹಾಕಿದರು. ಗೋಡೆಯ ಬೋರ್ಡು ಇನ್ನೂ ಅಲ್ಲೇ ಇದೆ. ಅದರ ಮೊಳೆ ಹ್ಯಾಂಗರಿಗೆ ಬೇಕು ಎಂದು ನಾದಿನಿ ತೆಗೆಯಲು ಬಿಡುತ್ತಿಲ್ಲ.